ಮೂವರು ದೋಣಿ ಹತ್ತಿದ ರಾತ್ರಿ: ಅಮೆರಿಕದ ಅಂತರ್ಯುದ್ಧ ತಿರುಗಿದ್ದು ಎಲ್ಲಿ?

1861ರ ಮೇ 23, ರಾತ್ರಿ. ಅಮೆರಿಕದ ವರ್ಜೀನಿಯಾ ರಾಜ್ಯದ ಕಡಲ ತೀರದಲ್ಲಿ ಮೂವರು ಗಂಡಸರು ಸದ್ದಿಲ್ಲದೆ ಒಂದು ಸಣ್ಣ ದೋಣಿ ಹತ್ತಿದರು. ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್‌ಸೆಂಡ್. ಮೂವರೂ ಗುಲಾಮರು. ಅವರ ಒಡೆಯ ದಕ್ಷಿಣದ ಸೈನ್ಯದಲ್ಲಿ ಕರ್ನಲ್. ದೇಶದಿಂದ ಬೇರೆಯಾಗಲು ಹೊರಟ ದಕ್ಷಿಣದ ರಾಜ್ಯಗಳಿಗೂ ಒಕ್ಕೂಟ ಉಳಿಸಲು ನಿಂತ ಉತ್ತರದ ರಾಜ್ಯಗಳಿಗೂ ಯುದ್ಧ ಶುರುವಾಗಿ ಆರು ವಾರ ಆಗಿತ್ತಷ್ಟೆ. ದಕ್ಷಿಣದವರು ಫಿರಂಗಿ ನಿಲ್ಲಿಸಲು ಕಟ್ಟೆ ಕಟ್ಟುತ್ತಿದ್ದರು. ಆ ಕೆಲಸಕ್ಕೆ ಈ ಮೂವರನ್ನೂ ಹಚ್ಚಿದ್ದರು. ಮುಂದೆ ತಮ್ಮನ್ನು ಹೆಂಡತಿ ಮಕ್ಕಳಿಂದ ದೂರ ಸಾಗಿಸುತ್ತಾರೆ ಎಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಹುಟ್ಟು ಹಾಕುತ್ತಾ ಅವರು ಆಚೆ ದಡದ ಮನ್ರೋ ಕೋಟೆ ಸೇರಿದರು. ಅದು ಇನ್ನೂ ಉತ್ತರದ ಸೈನ್ಯದ ಕೈಯಲ್ಲಿತ್ತು.

ಮರುದಿನ ದಕ್ಷಿಣದ ಅಧಿಕಾರಿಯೊಬ್ಬ ಬಿಳಿ ಬಾವುಟ ಹಿಡಿದು ಬಂದ. ಓಡಿಬಂದ ಗುಲಾಮರನ್ನು ಒಡೆಯರಿಗೆ ಒಪ್ಪಿಸಬೇಕು ಅಂತ ಅಮೆರಿಕದ ಕಾನೂನೇ ಹೇಳುತ್ತದಲ್ಲ, ವಾಪಸ್ ಕೊಡಿ ಎಂದು ಕೇಳಿದ. ಆ ಕಾನೂನು ನಿಜಕ್ಕೂ ಇತ್ತು, 1850ರದು. ಕೋಟೆಯ ಮುಖ್ಯಸ್ಥ ಜನರಲ್ ಬೆಂಜಮಿನ್ ಬಟ್ಲರ್ ಸೈನ್ಯಕ್ಕೆ ಬರುವ ಮುಂಚೆ ವಕೀಲರಾಗಿದ್ದವರು. ಅವರ ಉತ್ತರ ಹೀಗಿತ್ತು: ವರ್ಜೀನಿಯಾ ಈಗ ಬೇರೆ ದೇಶ ಅಂತ ನೀವೇ ಹೇಳುತ್ತಿದ್ದೀರಿ, ಹಾಗಾದರೆ ನಮ್ಮ ಕಾನೂನು ನಿಮಗೆ ಅನ್ವಯಿಸುವುದಿಲ್ಲ. ಇವರು ನಿಮ್ಮ ಆಸ್ತಿ ಅನ್ನುತ್ತೀರಿ, ಆ ಆಸ್ತಿಯನ್ನು ನಮ್ಮ ವಿರುದ್ಧ ಯುದ್ಧಕ್ಕೆ ಬಳಸುತ್ತಿದ್ದೀರಿ. ಶತ್ರುವಿನ ಯುದ್ಧದ ಸಾಮಾನನ್ನು ವಶಪಡಿಸಿಕೊಳ್ಳುವ ಹಕ್ಕು ನಮಗಿದೆ.

ಮನುಷ್ಯರನ್ನು ಸಾಮಾನು ಎಂದು ಕರೆದೇ ಅವರನ್ನು ಉಳಿಸಿಕೊಂಡ ಉತ್ತರ ಅದು. ಕೇಳಲು ಸಂಕಟವಾಗುತ್ತದೆ. ಆದರೆ ಸುದ್ದಿ ಕಾಡ್ಗಿಚ್ಚಿನ ಹಾಗೆ ಹಬ್ಬಿತು. ಕೆಲವೇ ದಿನಗಳಲ್ಲಿ ಹೆಂಗಸರು, ಮಕ್ಕಳು, ಮುದುಕರು ಗುಂಪು ಗುಂಪಾಗಿ ಕೋಟೆ ಕಡೆ ನಡೆದು ಬಂದರು. ಬೇಸಿಗೆ ಮುಗಿಯುವ ಹೊತ್ತಿಗೆ ಅವರ ಸಂಖ್ಯೆ ನೂರಾರು. ಯುದ್ಧ ಮುಗಿಯುವ ಹೊತ್ತಿಗೆ ದಕ್ಷಿಣದ ಉದ್ದಗಲಕ್ಕೆ ಸುಮಾರು 5 ಲಕ್ಷ ಜನ ಹೀಗೆ ಉತ್ತರದ ಸೈನ್ಯದ ಆಸರೆಗೆ ಬಂದಿದ್ದರು ಎಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಇನ್ನೊಂದು ವಿಷಯ. 1619ರಲ್ಲಿ ವರ್ಜೀನಿಯಾ ವಸಾಹತಿಗೆ ಆಫ್ರಿಕಾದ ಬಂಧಿಗಳನ್ನು ಹೊತ್ತ ಮೊದಲ ಹಡಗು ಬಂದು ನಿಂತದ್ದು ಇದೇ ಕೋಟೆ ಇರುವ ಜಾಗದಲ್ಲಿ.

ಅಮೆರಿಕದ ಅಂತರ್ಯುದ್ಧದ ತಿರುವು ಯಾವುದು ಅಂತ ಕೇಳಿದರೆ ಹೆಚ್ಚಿನವರು ಗೆಟಿಸ್‌ಬರ್ಗ್ ಕದನ ಅನ್ನುತ್ತಾರೆ. ಅದು ತಪ್ಪಲ್ಲ. ಆದರೆ ಈ ಯುದ್ಧದಲ್ಲಿ ಯಾರು ಗೆಲ್ಲುತ್ತಾರೆ ಎಂಬುದರ ಜೊತೆಗೆ, ಯುದ್ಧ ಯಾತಕ್ಕಾಗಿ ಎಂಬುದೂ ನಡುವೆ ಬದಲಾಯಿತು. ಅದನ್ನು ಮೊದಲು ಬದಲಾಯಿಸಲು ಹೊರಟವರು ಜನರಲ್‌ಗಳಲ್ಲ, ಆ ಮೂವರಂಥವರು. ಅದಕ್ಕೇ ನಾನು ಈ ಕಥೆಯನ್ನು ಆ ದೋಣಿಯಿಂದ ಶುರು ಮಾಡಿದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1860ರ ಜನಗಣತಿ ಪ್ರಕಾರ ಅಮೆರಿಕದ ಜನಸಂಖ್ಯೆ ಸುಮಾರು 3 ಕೋಟಿ 14 ಲಕ್ಷ. ಅದರಲ್ಲಿ ಗುಲಾಮರೇ ಹತ್ತಿರ ಹತ್ತಿರ 40 ಲಕ್ಷ. ಮಾರಬಹುದಿತ್ತು, ಕೊಳ್ಳಬಹುದಿತ್ತು, ಸಾಲಕ್ಕೆ ಅಡ ಇಡಬಹುದಿತ್ತು. ತಾಯಿಯನ್ನು ಒಂದು ಕಡೆ, ಮಗುವನ್ನು ಇನ್ನೊಂದು ಕಡೆ ಮಾರಿದರೆ ಕೇಳುವವರಿರಲಿಲ್ಲ. ದಕ್ಷಿಣದ ಸಿರಿತನವೆಲ್ಲ ಹತ್ತಿಯದು, ಆ ಹತ್ತಿ ಬಿಡಿಸುತ್ತಿದ್ದ ಕೈಗಳು ಇವರವು. ಉತ್ತರದ ರಾಜ್ಯಗಳು ತಮ್ಮಲ್ಲಿ ಗುಲಾಮಗಿರಿಯನ್ನು ಅಷ್ಟರಲ್ಲಿ ತೆಗೆದುಹಾಕಿದ್ದವು. ಜಗಳ ಹತ್ತಿದ್ದು ಪಶ್ಚಿಮಕ್ಕೆ ಹೊಸದಾಗಿ ಸೇರುತ್ತಿದ್ದ ನೆಲದ ಬಗ್ಗೆ. ಅಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ? 1820ರಿಂದ ರಾಜಿ ಮೇಲೆ ರಾಜಿ ಆದವು. 1857ರಲ್ಲಿ ಡ್ರೆಡ್ ಸ್ಕಾಟ್ ಎಂಬ ಗುಲಾಮ ಹೂಡಿದ ಮೊಕದ್ದಮೆಯಲ್ಲಿ, ಕಪ್ಪು ಜನ ಅಮೆರಿಕದ ಪ್ರಜೆಗಳೇ ಅಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಲ್ಲಿಗೆ ರಾಜಿಯ ದಾರಿಯೂ ಮುಚ್ಚಿದ ಹಾಗಾಯಿತು.

1860ರ ನವೆಂಬರ್‌ನಲ್ಲಿ ಅಬ್ರಹಾಂ ಲಿಂಕನ್ ಅಧ್ಯಕ್ಷರಾಗಿ ಆಯ್ಕೆಯಾದರು. ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹರಡಬಾರದು, ಇದ್ದಲ್ಲಿ ಅದನ್ನು ಮುಟ್ಟುವುದಿಲ್ಲ ಎಂಬುದು ಆಗ ಅವರ ನಿಲುವು. ದಕ್ಷಿಣಕ್ಕೆ ಅಷ್ಟೂ ಸಹಿಸಲಾಗಲಿಲ್ಲ. ಡಿಸೆಂಬರ್ 20ರಂದು ಸೌತ್ ಕ್ಯಾರೊಲಿನಾ ಒಕ್ಕೂಟ ಬಿಟ್ಟು ಹೊರಬಂತು. ಫೆಬ್ರವರಿ ಹೊತ್ತಿಗೆ ಏಳು ರಾಜ್ಯಗಳು ಸೇರಿ 'ಕಾನ್ಫೆಡರೆಸಿ' ಎಂಬ ಬೇರೆ ದೇಶ ಘೋಷಿಸಿಕೊಂಡವು. ಜೆಫರ್ಸನ್ ಡೇವಿಸ್ ಅದರ ಅಧ್ಯಕ್ಷ. 1861ರ ಏಪ್ರಿಲ್ 12ರಂದು ಚಾರ್ಲ್ಸ್‌ಟನ್ ಬಂದರಿನ ಸಮ್ಟರ್ ಕೋಟೆ ಮೇಲೆ ಅವರು ಫಿರಂಗಿ ಹಾರಿಸಿದರು. ಲಿಂಕನ್ 75,000 ಸ್ವಯಂಸೇವಕರನ್ನು ಕರೆದರು. ಇನ್ನೂ ನಾಲ್ಕು ರಾಜ್ಯಗಳು ಆ ಕಡೆ ಹೋದವು. ಒಟ್ಟು ಹನ್ನೊಂದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಯುದ್ಧ ನಡೆದದ್ದು ಗುಲಾಮಗಿರಿಗಾಗಿ ಅಲ್ಲ, ರಾಜ್ಯಗಳ ಹಕ್ಕಿಗಾಗಿ ಎಂಬ ವಾದ ಇವತ್ತಿಗೂ ಕೇಳಿಬರುತ್ತದೆ. ಆಗ ಬಂಡೆದ್ದವರ ಮಾತನ್ನೇ ಓದಿದರೆ ಸಾಕು. ಮಿಸಿಸಿಪಿ ರಾಜ್ಯ ತನ್ನ ಘೋಷಣಾ ಪತ್ರದ ಶುರುವಿನಲ್ಲೇ, ತನ್ನ ನಿಲುವು ಗುಲಾಮಗಿರಿ ಪದ್ಧತಿಯೊಂದಿಗೆ ಬೆಸೆದುಕೊಂಡಿದೆ ಎಂದು ಬರೆದುಕೊಂಡಿತು. ಕಪ್ಪು ಮನುಷ್ಯ ಬಿಳಿಯನಿಗೆ ಸಮನಲ್ಲ ಎಂಬುದೇ ನಮ್ಮ ಸರ್ಕಾರದ ಮೂಲೆಗಲ್ಲು ಎಂದು ಕಾನ್ಫೆಡರೆಸಿಯ ಉಪಾಧ್ಯಕ್ಷ ಅಲೆಗ್ಸಾಂಡರ್ ಸ್ಟೀಫನ್ಸ್ ಭಾಷಣ ಮಾಡಿದರು. ಓಡಿಹೋದ ಗುಲಾಮರನ್ನು ಉತ್ತರದ ರಾಜ್ಯಗಳು ಹಿಡಿದುಕೊಡುತ್ತಿಲ್ಲ ಎಂಬುದು ಅವರ ದೊಡ್ಡ ದೂರುಗಳಲ್ಲಿ ಒಂದಾಗಿತ್ತು. ಅಂದರೆ ಉತ್ತರದ ರಾಜ್ಯಗಳ ಹಕ್ಕು ಅವರಿಗೆ ಬೇಕಿರಲಿಲ್ಲ, ಅಲ್ವಾ?

ಆದರೆ ಉತ್ತರವೂ ಗುಲಾಮರನ್ನು ಬಿಡಿಸಲೆಂದು ಯುದ್ಧಕ್ಕೆ ಇಳಿಯಲಿಲ್ಲ. ದೇಶ ಒಡೆಯಬಾರದು, ಅಷ್ಟೇ ಅವರ ಗುರಿಯಾಗಿತ್ತು. ಗುಲಾಮಗಿರಿ ಇದ್ದ ಮಿಸೌರಿ, ಕೆಂಟಕಿ, ಮೇರಿಲ್ಯಾಂಡ್, ಡೆಲವೇರ್ ಒಕ್ಕೂಟದಲ್ಲೇ ಉಳಿದಿದ್ದವು. ಅವು ಕೈಬಿಟ್ಟು ಹೋದರೆ ಕಥೆ ಮುಗಿದಂತೆ ಎಂಬ ಭಯ ಲಿಂಕನ್‌ಗೆ ಇತ್ತು.

1861ರ ಜುಲೈ 21ರಂದು ವರ್ಜೀನಿಯಾದ ಬುಲ್ ರನ್ ಎಂಬಲ್ಲಿ ಮೊದಲ ದೊಡ್ಡ ಕದನ. ವಾಷಿಂಗ್ಟನ್‌ನಿಂದ ಜನ ಗಾಡಿ ಕಟ್ಟಿಕೊಂಡು, ಬುತ್ತಿ ತೆಗೆದುಕೊಂಡು ನೋಡಲು ಹೋಗಿದ್ದರು. ಸಂಜೆಗೆ ಸೋತ ಸೈನಿಕರ ಜೊತೆ ಅವರೂ ದಿಕ್ಕೆಟ್ಟು ಓಡಿಬಂದರು. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಟೆನೆಸಿಯ ಶೈಲೋದಲ್ಲಿ ಎರಡೇ ದಿನದಲ್ಲಿ ಎರಡೂ ಕಡೆ ಸೇರಿ 23,000ಕ್ಕೂ ಜಾಸ್ತಿ ಜನ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಇದು ಬೇಗ ಮುಗಿಯುವ ಯುದ್ಧ ಅಲ್ಲ ಅಂತ ಆಗ ಎಲ್ಲರಿಗೂ ಅರ್ಥವಾಯಿತು.

ಇದೇ ಹೊತ್ತಿಗೆ ಇನ್ನೊಂದು ಹಡಗಿನ ಕಥೆ ನಡೆಯಿತು. ಇದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1862ರ ಮೇ 13ರ ನಸುಕು. ಚಾರ್ಲ್ಸ್‌ಟನ್ ಬಂದರಿನಲ್ಲಿ 'ಪ್ಲಾಂಟರ್' ಎಂಬ ದಕ್ಷಿಣದ ಸೈನ್ಯದ ಉಗಿಹಡಗು ನಿಂತಿತ್ತು. ಬಿಳಿ ಅಧಿಕಾರಿಗಳು ಇಳಿದು ಊರೊಳಗೆ ಹೋಗಿದ್ದರು. ಹಡಗಿನ ಚುಕ್ಕಾಣಿ ಹಿಡಿಯುತ್ತಿದ್ದ ರಾಬರ್ಟ್ ಸ್ಮಾಲ್ಸ್ ಎಂಬ 23 ವರ್ಷದ ಗುಲಾಮ, ತನ್ನ ಸಂಗಡಿಗರನ್ನು ಕಟ್ಟಿಕೊಂಡು ಹಡಗು ಹೊರಡಿಸಿಬಿಟ್ಟ. ದಾರಿಯಲ್ಲಿ ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡ. ತಲೆಗೆ ಕ್ಯಾಪ್ಟನ್‌ನ ಹುಲ್ಲಿನ ಟೋಪಿ. ಕೋಟೆಗಳ ಮುಂದೆ ಹಾಯುವಾಗ ಯಾವ ಸೀಟಿ ಊದಬೇಕು ಅಂತ ಅವನಿಗೆ ಗೊತ್ತಿತ್ತು, ಊದಿದ. ಸಮ್ಟರ್ ಕೋಟೆಯ ಕಾವಲುಗಾರರು ಸುಮ್ನೆ ಬಿಟ್ಟುಬಿಟ್ಟರು. ಗುಂಡಿನ ಅಳತೆ ದಾಟಿದ ಮೇಲೆ ಬಿಳಿ ಬಟ್ಟೆ ಏರಿಸಿ, ಕಾದು ನಿಂತಿದ್ದ ಉತ್ತರದ ಹಡಗಿಗೆ ಪ್ಲಾಂಟರ್ ಅನ್ನು ಒಪ್ಪಿಸಿದ. ಅವನೂ ಸೇರಿ ಹದಿನಾರು ಜನ ಆ ಬೆಳಗ್ಗೆ ಬಿಡುಗಡೆ ಪಡೆದರು. ಯುದ್ಧದ ನಂತರ ಇದೇ ಸ್ಮಾಲ್ಸ್ ಸೌತ್ ಕ್ಯಾರೊಲಿನಾದಿಂದ ಅಮೆರಿಕದ ಸಂಸತ್ತಿಗೆ ಆರಿಸಿ ಬಂದರು.

ಇಂಥ ಒಂದೊಂದು ಘಟನೆಯೂ ವಾಷಿಂಗ್ಟನ್‌ನ ಬಾಗಿಲು ತಟ್ಟುತ್ತಿತ್ತು. ಓಡಿಬಂದವರನ್ನು ಏನು ಮಾಡುವುದು? ವಾಪಸ್ ಕಳಿಸಿದರೆ ಅವರು ಶತ್ರುವಿನ ಕೋಟೆ ಕಟ್ಟುತ್ತಾರೆ. ಇಟ್ಟುಕೊಂಡರೆ ನಮ್ಮದನ್ನು ಕಟ್ಟುತ್ತಾರೆ. ದಕ್ಷಿಣದಲ್ಲಿ ಇವರು ಹೊಲದಲ್ಲಿ ದುಡಿಯುತ್ತಿದ್ದದ್ದರಿಂದಲೇ ಅಲ್ಲಿನ ಬಿಳಿ ಗಂಡಸರಿಗೆ ಬಂದೂಕು ಹಿಡಿದು ಹೊರಡಲು ಪುರುಸೊತ್ತು ಸಿಗುತ್ತಿತ್ತು. ಗುಲಾಮಗಿರಿಯ ಬುಡಕ್ಕೆ ಕೈ ಹಾಕದೆ ಯುದ್ಧ ಗೆಲ್ಲುವುದು ಕಷ್ಟ ಎಂಬುದು ಲಿಂಕನ್‌ಗೂ ನಿಧಾನಕ್ಕೆ ಮನವರಿಕೆಯಾಯಿತು. ಜುಲೈನಲ್ಲಿ ಅವರು ವಿಮೋಚನಾ ಘೋಷಣೆಯ ಕರಡನ್ನು ಸಚಿವರ ಮುಂದಿಟ್ಟರು. ಈಗ ಹೊರಡಿಸಿದರೆ ಸೋತವರ ಗೋಳಿನ ಹಾಗೆ ಕೇಳುತ್ತದೆ, ಒಂದು ಗೆಲುವು ಬರಲಿ ಎಂದು ವಿದೇಶಾಂಗ ಸಚಿವ ವಿಲಿಯಂ ಸೀವರ್ಡ್ ಸಲಹೆ ಕೊಟ್ಟರು. ಕಾಗದ ಮೇಜಿನ ಖಾನೆ ಸೇರಿತು.

ಆ ಗೆಲುವು ಬಂದದ್ದು ಆ್ಯಂಟೀಟಮ್‌ನಲ್ಲಿ. ಸೆಪ್ಟೆಂಬರ್‌ನಲ್ಲಿ ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಮೇರಿಲ್ಯಾಂಡ್‌ಗೆ ನುಗ್ಗಿದರು. ಅವರ ದಂಡು ಎಲ್ಲೆಲ್ಲಿ ಹಂಚಿಹೋಗಿದೆ ಎಂದು ಬರೆದ ಆದೇಶದ ಒಂದು ಪ್ರತಿ ಉತ್ತರದ ಸೈನಿಕನೊಬ್ಬನಿಗೆ ಹೊಲದಲ್ಲಿ ಸಿಕ್ಕಿತು. ಮೂರು ಸಿಗಾರ್‌ಗಳಿಗೆ ಅದನ್ನು ಸುತ್ತಿಟ್ಟಿದ್ದರು! ಅಂಥ ಅದೃಷ್ಟ ಕೈಗೆ ಬಂದರೂ ಉತ್ತರದ ಜನರಲ್ ಮೆಕ್ಲೆಲನ್ ನಿಧಾನ ಮಾಡಿದರು. ಸೆಪ್ಟೆಂಬರ್ 17ರಂದು ಮೆಕ್ಕೆಜೋಳದ ಹೊಲಗಳ ನಡುವೆ ಕದನ ನಡೆಯಿತು. ಬೆಳಗಿನಿಂದ ಸಂಜೆವರೆಗೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 23,000. ಅಮೆರಿಕದ ಇತಿಹಾಸದಲ್ಲಿ ಒಂದೇ ದಿನದ ಕದನದಲ್ಲಿ ಇಷ್ಟು ರಕ್ತ ಇನ್ಯಾವತ್ತೂ ಹರಿದಿಲ್ಲ. ಲೀ ಹಿಂದಕ್ಕೆ ಸರಿದರು. ಪೂರ್ತಿ ಗೆಲುವಲ್ಲ, ಆದರೆ ಲಿಂಕನ್‌ಗೆ ಅಷ್ಟು ಸಾಕಾಗಿತ್ತು. ಐದೇ ದಿನದಲ್ಲಿ ಖಾನೆಯಿಂದ ಕಾಗದ ಹೊರಬಂತು. 1863ರ ಜನವರಿ 1ರಂದು ಅಂತಿಮ ಘೋಷಣೆಗೆ ಸಹಿ ಬಿತ್ತು: ಬಂಡೆದ್ದ ಪ್ರದೇಶಗಳಲ್ಲಿರುವ ಗುಲಾಮರೆಲ್ಲ ಇನ್ನು ಮುಂದೆ ಸ್ವತಂತ್ರರು.

ಈ ಘೋಷಣೆಯ ಮಿತಿಯನ್ನೂ ಹೇಳಬೇಕು. ಒಕ್ಕೂಟದಲ್ಲೇ ಉಳಿದಿದ್ದ ನಾಲ್ಕು ಗುಲಾಮಗಿರಿ ರಾಜ್ಯಗಳಿಗೆ ಅದು ಅನ್ವಯಿಸಲಿಲ್ಲ. ಅದು ಸೇನಾ ದಂಡನಾಯಕನ ಯುದ್ಧಕಾಲದ ಅಧಿಕಾರದಿಂದ ಹೊರಟ ಆದೇಶ. ಹಾಗಾಗಿ ಶತ್ರುವಿನ ನೆಲಕ್ಕೆ ಮಾತ್ರ ಸಲ್ಲುತ್ತಿತ್ತು. ಕೈಗೆ ಸಿಗದ ಕಡೆ ಬಿಡುಗಡೆ, ಸಿಗುವ ಕಡೆ ಇಲ್ಲ ಎಂದು ಆಗಲೇ ಜನ ಆಡಿಕೊಂಡರು. ಆದರೆ ಅದರಿಂದ ಮೂರು ಕೆಲಸ ಆಯಿತು. ಉತ್ತರದ ಸೈನ್ಯ ಮುಂದೆ ಇಟ್ಟ ಪ್ರತಿ ಹೆಜ್ಜೆಯೂ ಬಿಡುಗಡೆಯ ಹೆಜ್ಜೆಯಾಯಿತು. ಕಪ್ಪು ಜನ ಸೈನ್ಯ ಸೇರಲು ಬಾಗಿಲು ತೆರೆಯಿತು. ಮತ್ತು ಬ್ರಿಟನ್ ದಕ್ಷಿಣದ ಬೆಂಬಲಕ್ಕೆ ನಿಲ್ಲುವುದು ಕಷ್ಟವಾಯಿತು.

ಬ್ರಿಟನ್ ಯಾಕೆ ಬಂತು ಇಲ್ಲಿ? ಹತ್ತಿಯಿಂದ. ಅಲ್ಲಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಹೆಚ್ಚುಕಮ್ಮಿ ನಾಲ್ಕರಲ್ಲಿ ಮೂರು ಪಾಲು ಅಮೆರಿಕದ ದಕ್ಷಿಣದ್ದು. ಹತ್ತಿ ನಿಲ್ಲಿಸಿದರೆ ಬ್ರಿಟನ್ ತಾನಾಗಿ ನಮ್ಮ ಪರ ಬರುತ್ತದೆ ಎಂದು ದಕ್ಷಿಣದವರು ಲೆಕ್ಕ ಹಾಕಿ ಮೊದಲಿಗೆ ತಾವೇ ಹತ್ತಿ ತಡೆದರು. ಅತ್ತ ಉತ್ತರದ ನೌಕಾಪಡೆಯೂ ಅವರ ಬಂದರುಗಳಿಗೆ ದಿಗ್ಬಂಧನ ಹಾಕಿತು. ಲ್ಯಾಂಕಶೈರ್‌ನಲ್ಲಿ ಗಿರಣಿಗಳು ನಿಂತವು, ಕೂಲಿಕಾರರ ಮನೆಯಲ್ಲಿ ಒಲೆ ಉರಿಯಲಿಲ್ಲ. ಅಂಥ ಹೊತ್ತಿನಲ್ಲೂ ಮ್ಯಾಂಚೆಸ್ಟರ್‌ನ ಕಾರ್ಮಿಕರು 1862ರ ಕೊನೆಯ ದಿನ ಸಭೆ ಸೇರಿ ಲಿಂಕನ್‌ಗೆ ಬೆಂಬಲದ ಪತ್ರ ಕಳಿಸಿದರು. ತಮ್ಮ ಹೊಟ್ಟೆಗಿಂತ ಬೇರೆಯವರ ಬಿಡುಗಡೆ ದೊಡ್ಡದು ಎಂದ ಜನ ಅವರು. ಲಿಂಕನ್ ಅವರಿಗೆ ಮನಮುಟ್ಟುವ ಉತ್ತರ ಬರೆದರು.

ಈ ಹತ್ತಿಯ ದಾರ ನಮ್ಮ ಎರೆ ಹೊಲಕ್ಕೂ ಬಂದು ಮುಟ್ಟಿತ್ತು. 1840ರ ದಶಕದಿಂದಲೇ ಧಾರವಾಡ ಸೀಮೆಯಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿ ಬಿತ್ತುತ್ತಿದ್ದರು. ಅದಕ್ಕೆ 'ಧಾರವಾಡ ಅಮೆರಿಕನ್' ಎಂಬ ಹೆಸರೇ ಬಿದ್ದಿತ್ತು. ಯುದ್ಧ ಹತ್ತಿದ ಕೂಡಲೇ ಇಲ್ಲಿನ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಧಾರವಾಡದ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರ ಬಂದರಿನಿಂದ ಸಾಗಿಸಬೇಕೆಂಬ ಒತ್ತಾಯ ಅದರ ಹಿಂದಿತ್ತು. 1865ರಲ್ಲಿ ಯುದ್ಧ ಮುಗಿಯುತ್ತಲೇ ಬೆಲೆ ಕುಸಿಯಿತು. ಮಿಸಿಸಿಪಿ ದಂಡೆಯ ಕದನವೊಂದರ ಬಿಸಿ ನಮ್ಮ ರೈತನ ಸಾಲದ ಪತ್ರದವರೆಗೆ ಬಂದ ಕಾಲ ಅದು.

ಈಗ ಕಪ್ಪು ಸೈನಿಕರ ವಿಷಯಕ್ಕೆ ಬರೋಣ. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 1,80,000 ಕಪ್ಪು ಗಂಡಸರು ಉತ್ತರದ ಸೈನ್ಯದಲ್ಲಿ ದುಡಿದಿದ್ದರು. ನೌಕಾಪಡೆಯಲ್ಲಿ ಇನ್ನೂ ಸಾವಿರಾರು. ಅವರಲ್ಲಿ ಬಹಳಷ್ಟು ಜನ ನಿನ್ನೆ ಮೊನ್ನೆವರೆಗೆ ಗುಲಾಮರು. ಸೆರೆ ಸಿಕ್ಕರೆ ಯುದ್ಧಕೈದಿಯ ಮರ್ಯಾದೆ ಇಲ್ಲ. ಕೊಲೆಯಾಗಬಹುದು, ಇಲ್ಲವೇ ಮತ್ತೆ ಮಾರಾಟವಾಗಬಹುದು. ಉತ್ತರದ ಸರ್ಕಾರವೂ ನ್ಯಾಯ ಮಾಡಲಿಲ್ಲ. ಬಿಳಿ ಸೈನಿಕನಿಗೆ ತಿಂಗಳಿಗೆ 13 ಡಾಲರ್, ಕಪ್ಪು ಸೈನಿಕನಿಗೆ 10 ಡಾಲರ್. ಅದರಲ್ಲೂ ಬಟ್ಟೆಗೆಂದು 3 ಡಾಲರ್ ಮುರಿದುಕೊಳ್ಳುತ್ತಿದ್ದರು. 54ನೇ ಮ್ಯಾಸಚೂಸೆಟ್ಸ್ ಪಡೆಯವರು ಆ ಸಂಬಳವನ್ನು ಮುಟ್ಟಲೇ ಇಲ್ಲ. ಸಮ ಸಂಬಳ ಕೊಡುವವರೆಗೆ ಬೇಡ ಎಂದರು. ಸಂಬಳ ಇಲ್ಲದೆಯೇ 1863ರ ಜುಲೈ 18ರಂದು ಚಾರ್ಲ್ಸ್‌ಟನ್ ಬಳಿಯ ವ್ಯಾಗ್ನರ್ ಕೋಟೆಯ ಮೇಲೆ ಏರಿಹೋದರು. ಕೋಟೆ ಸಿಗಲಿಲ್ಲ, ನೂರಾರು ಜನ ಬಿದ್ದರು. ಬಾವುಟ ನೆಲಕ್ಕೆ ಮುಟ್ಟದ ಹಾಗೆ ಗುಂಡೇಟು ತಿಂದುಕೊಂಡೇ ಹೊತ್ತು ತಂದ ವಿಲಿಯಂ ಕಾರ್ನಿಗೆ ಶೌರ್ಯಪದಕ ಸಿಕ್ಕಿದ್ದು 1900ರಲ್ಲಿ. ಸಮ ಸಂಬಳದ ಕಾನೂನು ಬಂದದ್ದು 1864ರ ಜೂನ್‌ನಲ್ಲಿ. ಕಪ್ಪು ಜನ ಯುದ್ಧ ಮಾಡಬಲ್ಲರೇ ಎಂದು ಕೇಳುತ್ತಿದ್ದವರ ಬಾಯಿ ವ್ಯಾಗ್ನರ್ ನಂತರ ಬಹುಮಟ್ಟಿಗೆ ಮುಚ್ಚಿತು.

ಗೆಟಿಸ್‌ಬರ್ಗ್ ಅದೇ ತಿಂಗಳಿನದು. ಲೀ ಎರಡನೇ ಸಲ ಉತ್ತರಕ್ಕೆ ನುಗ್ಗಿ ಪೆನ್ಸಿಲ್ವೇನಿಯಾ ಸೇರಿದರು. ಅವರ ಸೈನ್ಯ ದಾರಿಯಲ್ಲಿ ಸಿಕ್ಕ ಕಪ್ಪು ಜನರನ್ನು, ಹುಟ್ಟಿನಿಂದ ಸ್ವತಂತ್ರರಾದವರನ್ನೂ ಬಿಡದೆ, ಹಿಡಿದು ದಕ್ಷಿಣಕ್ಕೆ ಸಾಗಿಸಿತು. ಕದನದ ಕಥೆ ಹೇಳುವವರು ಇದನ್ನು ಬಹಳ ಸಲ ಬಿಟ್ಟುಬಿಡುತ್ತಾರೆ. ಅಲ್ಲಿನ ಗೆಟಿಸ್‌ಬರ್ಗ್ ಊರಿನಲ್ಲಿ ಜುಲೈ 1ರಿಂದ 3ರವರೆಗೆ ಹೊಡೆದಾಟ. ಕೊನೆಯ ದಿನ ಲೀ ಸುಮಾರು 12,500 ಸೈನಿಕರನ್ನು ಬಟ್ಟಬಯಲಿನಲ್ಲಿ ದಿಣ್ಣೆಯ ಕಡೆ ನಡೆಸಿದರು. ಅರ್ಧದಷ್ಟು ಜನ ವಾಪಸ್ ಬರಲಿಲ್ಲ. ಮೂರು ದಿನದಲ್ಲಿ ಎರಡೂ ಕಡೆಯ ಸಾವುನೋವು ಸುಮಾರು 51,000. ಲೀ ಮತ್ತೆಂದೂ ಉತ್ತರದ ಮೇಲೆ ಅಷ್ಟು ದೊಡ್ಡ ದಂಡು ತರಲಿಲ್ಲ.

ಆದರೆ ಯುದ್ಧದ ಬೆನ್ನು ಮುರಿದದ್ದು ಮರುದಿನ, ಅಲ್ಲಿಂದ ಬಹುದೂರದ ವಿಕ್ಸ್‌ಬರ್ಗ್‌ನಲ್ಲಿ ಎಂಬುದು ನನ್ನ ಅಭಿಪ್ರಾಯ. ಮಿಸಿಸಿಪಿ ನದಿಯ ಎತ್ತರದ ದಂಡೆಯ ಮೇಲೆ ಕೂತ ಊರು ಅದು. ಅಲ್ಲಿನ ಫಿರಂಗಿಗಳು ಇರುವವರೆಗೆ ನದಿ ದಕ್ಷಿಣದ ಕೈಯಲ್ಲಿ. ಉತ್ತರದ ಜನರಲ್ ಯುಲಿಸಿಸ್ ಗ್ರಾಂಟ್ ಚಳಿಗಾಲವಿಡೀ ಒಂದಾದ ಮೇಲೊಂದು ದಾರಿ ಹುಡುಕಿ ಸೋತಿದ್ದರು. ಏಪ್ರಿಲ್‌ನ ಒಂದು ರಾತ್ರಿ ಹಡಗುಗಳನ್ನು ಆ ಫಿರಂಗಿಗಳ ಮುಂದೆಯೇ ಹಾಯಿಸಿ, ಸೈನ್ಯವನ್ನು ಕೆಳಗಡೆ ನದಿ ದಾಟಿಸಿ, ಹಿಂದಿನಿಂದ ಊರಿಗೆ ಮುತ್ತಿಗೆ ಹಾಕಿದರು. 47 ದಿನ. ಜನ ಮನೆ ಬಿಟ್ಟು ಗುಡ್ಡದಲ್ಲಿ ಗುಹೆ ತೋಡಿಕೊಂಡು ಬದುಕಿದರು, ಹೇಸರಗತ್ತೆ ಮಾಂಸ ತಿಂದರು. ಹತ್ತಿರದ ಮಿಲಿಕೆನ್ಸ್ ಬೆಂಡ್‌ನಲ್ಲಿ, ಸೈನ್ಯ ಸೇರಿ ಕೆಲವೇ ವಾರಗಳಾಗಿದ್ದ ಕಪ್ಪು ಸೈನಿಕರು ದಕ್ಷಿಣದ ದಾಳಿಯನ್ನು ಕೈಕೈ ಮಿಲಾಯಿಸಿ ತಡೆದರು. ಜುಲೈ 4ರಂದು ಊರು ಶರಣಾಯಿತು. ಅದರೊಂದಿಗೆ 29,000ಕ್ಕೂ ಹೆಚ್ಚು ಸೈನಿಕರು. ಕಾನ್ಫೆಡರೆಸಿ ಎರಡು ಹೋಳಾಯಿತು. ಟೆಕ್ಸಾಸ್ ಕಡೆಯ ದನ, ಧಾನ್ಯ ಈ ಕಡೆಗೆ ಬರುವುದು ನಿಂತಿತು. ಸೋತ ಸೈನ್ಯ ಮತ್ತೆ ಎದ್ದು ನಿಲ್ಲಬಹುದು, ಲೀ ಇನ್ನೂ ಎರಡು ವರ್ಷದಷ್ಟು ಕಾಲ ಹೋರಾಡಿದರು. ಕೈತಪ್ಪಿದ ನದಿ ಮಾತ್ರ ತಿರುಗಿ ಸಿಗಲಿಲ್ಲ.

ಇಷ್ಟಾದರೂ 1864ರ ಬೇಸಿಗೆಯಲ್ಲಿ ಎಲ್ಲ ಕೈಜಾರುವ ಹಾಗಿತ್ತು. ಗ್ರಾಂಟ್ ವರ್ಜೀನಿಯಾದಲ್ಲಿ ಲೀ ಬೆನ್ನು ಹತ್ತಿದ್ದರು. ಒಂದೂವರೆ ತಿಂಗಳಲ್ಲಿ ಅವರ ಕಡೆ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಅಥವಾ ಕಾಣೆಯಾದವರು ಸೇರಿ ಸುಮಾರು 55,000. ಉತ್ತರದ ಮನೆಮನೆಯಲ್ಲೂ ಸಾವಿನ ಸುದ್ದಿ. ಚುನಾವಣೆ ಬೇರೆ ಹತ್ತಿರ ಬಂದಿತ್ತು. ಎದುರಾಳಿ ಯಾರು? ಆ್ಯಂಟೀಟಮ್‌ನ ಅದೇ ಮೆಕ್ಲೆಲನ್. ಅವರ ಪಕ್ಷ ಯುದ್ಧ ನಿಲ್ಲಿಸಿ ಮಾತುಕತೆ ನಡೆಸಿ ಎನ್ನುತ್ತಿತ್ತು. ವಿಮೋಚನೆಯ ಮಾತು ಕೈಬಿಡಿ, ದಕ್ಷಿಣ ಸಂಧಿಗೆ ಬರುತ್ತದೆ ಎಂದು ಲಿಂಕನ್ ಪಕ್ಷದವರೇ ಒತ್ತಡ ಹಾಕಿದರು. ನಮಗಾಗಿ ಹೋರಾಡಿದ ಕಪ್ಪು ಯೋಧರನ್ನು ಮತ್ತೆ ಗುಲಾಮಗಿರಿಗೆ ದೂಡಿದರೆ ಇಹಪರ ಎರಡರಲ್ಲೂ ನನಗೆ ಶಾಪ ತಟ್ಟುತ್ತದೆ ಎಂಬ ಅರ್ಥದ ಮಾತು ಹೇಳಿ ಲಿಂಕನ್ ಒಪ್ಪಲಿಲ್ಲ. ಮೂರು ವರ್ಷದ ಹಿಂದೆ ದೋಣಿ ಹತ್ತಿದವರು ಅಧ್ಯಕ್ಷರ ಮನಸ್ಸಿನಲ್ಲಿ ಎಷ್ಟು ದೂರ ಬಂದಿದ್ದರು ನೋಡಿ.

ಆಗಸ್ಟ್ 23ರಂದು ಲಿಂಕನ್ ಒಂದು ಚೀಟಿ ಬರೆದು ಮಡಿಸಿ, ಓದದೆ ಸಹಿ ಹಾಕಿ ಎಂದು ಸಚಿವರಿಗೆ ಕೊಟ್ಟರು. ನಾನು ಬಹುಶಃ ಸೋಲುತ್ತೇನೆ, ಹೊಸ ಅಧ್ಯಕ್ಷ ಬರುವುದರೊಳಗೆ ದೇಶ ಉಳಿಸಲು ಅವರೊಂದಿಗೆ ಸೇರಿ ಕೆಲಸ ಮಾಡಬೇಕು ಎಂದು ಅದರಲ್ಲಿತ್ತು. ಹತ್ತೇ ದಿನ. ಸೆಪ್ಟೆಂಬರ್ 2ರಂದು ಉತ್ತರದ ಜನರಲ್ ವಿಲಿಯಂ ಶೆರ್ಮನ್ ಜಾರ್ಜಿಯಾದ ಅಟ್ಲಾಂಟಾ ಹಿಡಿದರು. ದೇಶದ ಗಾಳಿಯೇ ತಿರುಗಿತು. ನವೆಂಬರ್ 8ರಂದು ಲಿಂಕನ್ ಭಾರಿ ಬಹುಮತದಿಂದ ಗೆದ್ದರು. ಸೈನಿಕರು ದೊಡ್ಡ ಸಂಖ್ಯೆಯಲ್ಲಿ ಅವರಿಗೇ ಮತ ಹಾಕಿದರು. ಸಾಯುವವರು ತಾವೇ ಎಂದು ಗೊತ್ತಿದ್ದೂ ಯುದ್ಧ ಮುಂದುವರಿಯಲಿ ಎಂದ ಮತ ಅದು. ಈ ಯುದ್ಧದ ಕೊನೆಯ ತಿರುವು ಯಾವುದು ಎಂದರೆ ನಾನು ಈ ಚುನಾವಣೆಯನ್ನೇ ತೋರಿಸುತ್ತೇನೆ.

ಮುಂದಿನದು ಬೇಗ ಮುಗಿಯಿತು. ಶೆರ್ಮನ್ 60,000 ಸೈನಿಕರೊಂದಿಗೆ ಜಾರ್ಜಿಯಾವನ್ನು ಸೀಳಿಕೊಂಡು ಸಮುದ್ರದವರೆಗೆ ನಡೆದರು. ಸಾವಿರಾರು ಗುಲಾಮರು ತೋಟ ಬಿಟ್ಟು ಆ ದಂಡಿನ ಹಿಂದೆ ಹೊರಟರು. 1865ರ ಜನವರಿ 31ರಂದು ಗುಲಾಮಗಿರಿಯನ್ನು ದೇಶದಿಂದಲೇ ತೆಗೆದುಹಾಕುವ 13ನೇ ತಿದ್ದುಪಡಿಯನ್ನು ಪ್ರತಿನಿಧಿ ಸಭೆ 119–56 ಮತಗಳಿಂದ ಒಪ್ಪಿತು. ಅಪರಾಧಕ್ಕೆ ಶಿಕ್ಷೆಯಾಗಿ ಹೊರತು, ಎಂಬ ಒಂದು ಸಾಲು ಅದರಲ್ಲಿ ಉಳಿದುಕೊಂಡಿತು. ಮುಂದೆ ಸಣ್ಣಪುಟ್ಟ ನೆಪಕ್ಕೆ ಕಪ್ಪು ಜನರನ್ನು ಜೈಲಿಗೆ ಹಾಕಿ ಬಿಟ್ಟಿ ದುಡಿಸಲು ದಕ್ಷಿಣದ ರಾಜ್ಯಗಳು ಆ ಸಾಲನ್ನೇ ಹಿಡಿದುಕೊಂಡವು. ಏಪ್ರಿಲ್ 9ರಂದು ಅಪೊಮ್ಯಾಟಕ್ಸ್ ಎಂಬ ಹಳ್ಳಿಯ ಮನೆಯೊಂದರಲ್ಲಿ ಲೀ ಗ್ರಾಂಟ್‌ಗೆ ಶರಣಾದರು. ಏಪ್ರಿಲ್ 11ರಂದು ಲಿಂಕನ್ ಭಾಷಣದಲ್ಲಿ, ಕಪ್ಪು ಸೈನಿಕರಿಗೂ ತಿಳಿವಳಿಕೆಯುಳ್ಳ ಕಪ್ಪು ಜನರಿಗೂ ಮತದ ಹಕ್ಕು ಸಿಗಬೇಕು ಎಂದರು. ದಕ್ಷಿಣದ ಪರವಿದ್ದ ನಟ ಜಾನ್ ವಿಲ್ಕ್ಸ್ ಬೂತ್ ಆ ಗುಂಪಿನಲ್ಲಿ ನಿಂತು ಕೇಳುತ್ತಿದ್ದ. ಮೂರು ದಿನದ ನಂತರ ನಾಟಕಮಂದಿರದಲ್ಲಿ ಲಿಂಕನ್ ತಲೆಗೆ ಗುಂಡು ಹೊಡೆದ.

ನಾಲ್ಕು ವರ್ಷದಲ್ಲಿ ಸತ್ತ ಸೈನಿಕರ ಸಂಖ್ಯೆಯನ್ನು ಹಳೆಯ ಲೆಕ್ಕ 6 ಲಕ್ಷ 20 ಸಾವಿರ ಎನ್ನುತ್ತದೆ. ಈಚಿನ ಅಧ್ಯಯನಗಳು ಅದಕ್ಕಿಂತ ಜಾಸ್ತಿ ಎನ್ನುತ್ತವೆ.

ಟೆಕ್ಸಾಸ್‌ಗೆ ಬಿಡುಗಡೆ ತಲುಪಿದ್ದು ಇನ್ನೂ ತಡವಾಗಿ. ಜೂನ್ 19ರಂದು ಜನರಲ್ ಗಾರ್ಡನ್ ಗ್ರೇಂಜರ್ ಗ್ಯಾಲ್ವೆಸ್ಟನ್ ಊರಿನಲ್ಲಿ ಆದೇಶ ಹೊರಡಿಸಿದರು: ಗುಲಾಮರೆಲ್ಲ ಸ್ವತಂತ್ರರು. ಅಲ್ಲಿ ಸುಮಾರು 2,50,000 ಗುಲಾಮರಿದ್ದರು. ಈ ದಿನವನ್ನು ಅಮೆರಿಕದ ಕಪ್ಪು ಜನ ಅಂದಿನಿಂದಲೂ ಹಬ್ಬವಾಗಿ ಆಚರಿಸುತ್ತಾರೆ. 2021ರಿಂದ ಅದು ರಾಷ್ಟ್ರೀಯ ರಜೆ. ಸದ್ಯಕ್ಕೆ ಇದ್ದಲ್ಲೇ ಇದ್ದು ಕೂಲಿಗೆ ದುಡಿಯಿರಿ ಎಂಬ ಬುದ್ಧಿಮಾತೂ ಆ ಆದೇಶದಲ್ಲಿತ್ತು. ಅನೇಕರು ಅದನ್ನು ಕೇಳಲಿಲ್ಲ. ಗಂಟುಮೂಟೆ ಕಟ್ಟಿಕೊಂಡು ಹೊರಟರು. ಮಾರಾಟವಾಗಿ ಹೋದ ಅಮ್ಮ, ಗಂಡ, ಮಗಳು, ತಮ್ಮ ಎಲ್ಲಿದ್ದಾರೆ ಎಂದು ಊರೂರು ಅಲೆದರು. ಕಪ್ಪು ಜನರ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು: ಅವಳ ಹೆಸರು ಇದು, ನಾನು ಇಂಥ ವಯಸ್ಸಿನವನಿದ್ದಾಗ ಇಂಥವರಿಗೆ ಮಾರಿದರು, ಆಗಿನ ಒಡೆಯ ಇಂಥವನು, ಯಾರಾದರೂ ನೋಡಿದ್ದರೆ ತಿಳಿಸಿ. 20ನೇ ಶತಮಾನ ಶುರುವಾದ ಮೇಲೂ ಆ ಜಾಹೀರಾತುಗಳು ಬರುತ್ತಲೇ ಇದ್ದವು.